ಎಡಗಡೆ ಬಿದ್ದ ಹೂವು

ನಮ್ಮತ್ತೆಯ ಹಣೆಯ ಮೇಲೆ, ಕುಂಕುಮಕ್ಕಿಂತ ತುಸು ಮೇಲೆ, ಕಡಲೆಕಾಳಿನಷ್ಟು ದಪ್ಪದ ಒಂದು ಗಂಟು ಇತ್ತು. ನಜರ್‌ಬಾದಿನ ನಮ್ಮ ಹಳೇ ಮನೆಯಲ್ಲಿ ದೇವರಮನೆಯ ಬಾಗಿಲು ಬಹಳ ತಗ್ಗು. ಅತ್ತೆ ಎತ್ತರದ ಆಳು. ಬೆಳಿಗ್ಗೆ ಸ್ನಾನ ಮುಗಿಸಿ ಒಳಗೆ ನುಗ್ಗುವಾಗ ಬಾಗಿಲ ಮೇಲಿನ ಪಟ್ಟಿಗೆ ಹಣೆ ಬಡಿಯುತ್ತಿತ್ತು. ಅಡುಗೆಮನೆಯಲ್ಲಿರುತ್ತಿದ್ದ ನನಗೆ ಆ ಸದ್ದು ಕೇಳಿದ ಮೇಲೆಯೇ ಕಾಫಿಗೆ ಹಾಲಿಡುವುದು ಅಭ್ಯಾಸವಾಗಿಹೋಗಿತ್ತು. “ಸ್ವಲ್ಪ ಬಗ್ಗಿ ಹೋಗಬಾರದಾ ಅತ್ತೆ?” ಅಂದರೆ, “ಅವನು ಸ್ವಲ್ಪ ಎತ್ತರಕ್ಕೆ ಕಟ್ಟಿಸ್ಕೋಬೋದಿತ್ತಲ್ಲ?” ಎನ್ನುತ್ತಿದ್ದರು. ಅವನು ಎಂದರೆ ಒಳಗೆ ಕೂತಿದ್ದ ನಂಜುಂಡೇಶ್ವರ.

ನನಗೂ ಅವರಿಗೂ ಆಗಿಬರುತ್ತಿರಲಿಲ್ಲ. ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಹಾಗೆ ಬರೆದರೆ ಮೊದಲು ನಗುವವರು ಅವರೇ. ಮಂಡಕಳ್ಳಿ ಕಡೆಯ ಬೇಸಾಯದ ಮನೆಯಿಂದ ಬಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ, ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಸಾಲು ಸರಿಮಾಡುತ್ತಾ ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಆ ಗಂಟಲಿಗೆ ಸಿಕ್ಕಿದ್ದು ಇಬ್ಬರೇ: ನಾನು ಮತ್ತು ದೇವರು. ನನ್ನ ಸಾರು ನೀರಾಯಿತು, ನನ್ನ ರೊಟ್ಟಿ ದಪ್ಪವಾಯಿತು, ಕೆಸರೆಯ ನನ್ನ ತವರಿನವರಿಗೆ ಬಂದವರನ್ನು ಕೂರಿಸಿ ಮಾತಾಡಿಸುವುದು ಗೊತ್ತಿಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂರುವವಳಲ್ಲ. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡ ನನ್ನ ಗಂಡ ಊಟದ ತಟ್ಟೆ ಎತ್ತಿಕೊಂಡು ಟೆರೇಸಿಗೆ ಹೋಗುತ್ತಿದ್ದ.

ದೇವರ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ನಾನು ಅಪ್ಪನ ಔಷಧಿ ಅಂಗಡಿಯಲ್ಲಿ ಬೆಳೆದವಳು. ನಮ್ಮಲ್ಲಿ ಮಾತ್ರೆ ತೆಗೆದುಕೊಂಡು ಹೋಗಿ, ಗುಣವಾದ ಮೇಲೆ ದೇವಸ್ಥಾನದಲ್ಲಿ ಕಾಯಿ ಒಡೆಯುವ ಜನರನ್ನು ಚಿಕ್ಕಂದಿನಿಂದ ನೋಡಿ ನೋಡಿ ನನಗೆ ಆ ಕಡೆ ಮನಸ್ಸೇ ಹೋಗಲಿಲ್ಲ. ಅತ್ತೆಯದಂತೂ ಪ್ರಾರ್ಥನೆಯೂ ಅಲ್ಲ, ವಿಚಾರಣೆ. ನಂಜುಂಡನ ಹಿತ್ತಾಳೆಯ ಮುಖದ ಎದುರು ಚಕ್ಕಳಮಕ್ಕಳ ಹಾಕಿ ಕೂತು, ತಡವಾಗಿ ಬಂದ ಹುಡುಗನನ್ನು ಕೇಳುವ ಹಾಗೆ ಕೇಳುತ್ತಿದ್ದರು: “ಮಂಡಿನೋವು ಅಂಗೇ ಐತೆ. ಗ್ಯಾಸ್ ಮುಗಿದೋಯ್ತು. ಸೊಸೆ ಮುಖ ಊದಿಸ್ಕೊಂಡು ಓಡಾಡ್ತಾವಳೆ. ನೀನು ಮಾಡ್ತಿರೋದಾದ್ರೂ ಏನಯ್ಯಾ?” ನನಗೆ ಕೇಳಲಿ ಎಂದೇ ಜೋರಾಗಿ ಹೇಳುತ್ತಿದ್ದರು.

ಹೀಗಿರುವಾಗ ನನ್ನ ಗಂಡನಿಗೆ ತಲೆನೋವು ಶುರುವಾಯಿತು. ಒಂದು ದಿನ ಊಟದ ನಡುವೆ ನೀರಿನ ಲೋಟ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದ, ಬೆರಳು ಮಡಚಲಿಲ್ಲ. ಆಸ್ಪತ್ರೆಯಲ್ಲಿ ತಲೆಯೊಳಗೆ ಗೆಡ್ಡೆ ಇದೆ ಅಂದರು. ಕೆಲವೇ ದಿನಗಳಲ್ಲಿ ಅವನಿಗೆ ಮಂಪರು ಹೆಚ್ಚಾಗಿ, ನಾನು ಯಾರು ಅನ್ನುವುದೂ ಒಮ್ಮೊಮ್ಮೆ ತಿಳಿಯದಂತಾಯಿತು. ಡಾಕ್ಟರು ನನ್ನನ್ನು ಕರೆದು, “ಆಪರೇಷನ್ ಮಾಡದಿದ್ರೆ ಉಳಿಯೋದು ಕಷ್ಟ. ಮಾಡಿದ್ರೂ ನಾನು ಭರವಸೆ ಕೊಡಕ್ಕಾಗಲ್ಲಮ್ಮ. ಬೆಳಿಗ್ಗೆಯೊಳಗೆ ಹೇಳಿ, ನೀವೇ ಒಪ್ಪಿ ಸೈನ್ ಹಾಕ್ಬೇಕು,” ಅಂದರು. ನನ್ನ ತಮ್ಮನನ್ನು ಆಸ್ಪತ್ರೆಯಲ್ಲಿ ಕೂರಿಸಿ ಸಂಜೆ ಮನೆಗೆ ಬಂದೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಒಂದು ಹನಿ ಕಣ್ಣೀರು ಹಾಕಲಿಲ್ಲ. “ಇರು, ಕೇಳಿ ಹೇಳ್ತೀನಿ,” ಎಂದು ಎದ್ದರು.

“ಯಾರನ್ನ ಕೇಳ್ತೀರಿ?”

“ಇನ್ಯಾರನ್ನ.”

ದೇವರ ಮುಖದ ಎರಡು ಪಕ್ಕಕ್ಕೂ ಒಂದೊಂದು ಸೇವಂತಿಗೆಯ ಎಸಳನ್ನು ನೀರಿನಲ್ಲಿ ಅದ್ದಿ ಅಂಟಿಸುವುದು. ದೇವರ ಬಲಕ್ಕಿರುವುದು ಮೊದಲು ಬಿದ್ದರೆ ಒಪ್ಪಿಗೆ, ಎಡಕ್ಕಿರುವುದು ಬಿದ್ದರೆ ಬೇಡ. ಹೆಣ್ಣು ನೋಡುವುದಿರಲಿ, ಸೈಟು ಕೊಳ್ಳುವುದಿರಲಿ, ಆ ಮನೆಯಲ್ಲಿ ಹೂವು ಕೇಳದೆ ಏನೂ ನಡೆದದ್ದಿಲ್ಲ. ಅತ್ತೆ ಎಸಳು ಅಂಟಿಸುವುದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

“ಅಲ್ಲಿ ನಿಮ್ಮ ಮಗ ಸಾಯ್ತಾ ಮಲಗಿದಾನೆ. ನೀವಿಲ್ಲಿ ಹೂವು ಅಂಟಿಸ್ಕೊಂಡು ಕೂತಿದೀರಲ್ಲ. ಆ ಹಿತ್ತಾಳೆಗೆ ಏನು ಗೊತ್ತು ಅತ್ತೆ?”

“ಬಾಯಿ ಮುಚ್ಕೊಂಡು ನಿಂತ್ಕೊ. ಇಲ್ಲಾ ಆಚೆ ಓಗು.”

ಹಟಕ್ಕೆ ಅಲ್ಲೇ ಹೊಸಿಲ ಬಳಿ ನಿಂತೆ. ಅತ್ತೆ ಎಂದಿನಂತೆ ಜೋರು ಮಾಡಲಿಲ್ಲ, ಕೈಮುಗಿದು ಸುಮ್ಮನೆ ಕೂತಿದ್ದರು. ಅವರನ್ನು ಹಾಗೆ ನಾನು ನೋಡಿದ್ದು ಅದೇ ಮೊದಲು. ರಸ್ತೆಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಎಸಳುಗಳು ನಿಧಾನವಾಗಿ ಒಣಗುತ್ತಾ ಬಂದವು. ಆಮೇಲೆ ಒಂದು ಉದುರಿತು.

ಎಡಗಡೆಯದು.

ಮುಂದೆ ಆದದ್ದನ್ನು ಬರೆಯಲು ನನಗೆ ಈಗಲೂ ಸಿಟ್ಟು ಬರುತ್ತದೆ. ಹಿತ್ತಾಳೆಗೆ ಏನು ಗೊತ್ತು ಎಂದು ಕೇಳಿದ್ದವಳು ನಾನು. ಆದರೆ ಆ ಪುಟ್ಟ ಹಳದಿ ಎಸಳು ಪೀಠದ ಮೇಲೆ ಬಿದ್ದಿದ್ದನ್ನು ನೋಡಿದ್ದೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ. “ಅತ್ತೆ, ಆಪರೇಷನ್ ಬೇಡ. ನಾನು ಸೈನ್ ಹಾಕಲ್ಲ,” ಅಂದೆ.

“ಯಾಕೆ?”

“ಎಡಗಡೆ ಬಿತ್ತಲ್ಲ.”

ಅತ್ತೆ ನನ್ನ ಕಡೆ ಒಮ್ಮೆ ನೋಡಿ ಮತ್ತೆ ದೇವರ ಕಡೆ ತಿರುಗಿದರು. ಬಿದ್ದ ಎಸಳನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡರು. ಆಮೇಲೆ ಹಳೆಯ ಗಂಟಲು ವಾಪಸು ಬಂತು.

“ಆಯ್ತು ಕಣಯ್ಯ, ನಿನ್ನ ಮಾತು ಕೇಳಿಸ್ಕೊಂಡೆ. ಈಗ ನನ್ನ ಮಾತು ಕೇಳು. ನಾಳೆ ಅವನ ತಲೆ ಬಿಚ್ತಾರೆ. ನೀನು ಬ್ಯಾಡ ಅಂದ್ರೂ ಬಿಚ್ತಾರೆ. ನೀನು ಅಲ್ಲಿ ಬಂದು ನಿಂತ್ಕೋಬೇಕು, ಅಷ್ಟೆ. ಕೆಲಸ ಐತೆ ಗಿಲಸ ಐತೆ ಅಂದ್ರೆ ನಾನು ಕೇಳಕ್ಕಿಲ್ಲ. ನಿನ್ನ ಬುಟ್ಟು ಇನ್ಯಾರನ್ನ ಕರೀಲಿ ನಾನು?”

ಕೊನೆಯ ಮಾತಿಗೆ ಮಾತ್ರ ದನಿ ಒಡೆಯಿತು. ಎದ್ದು ಹೊರಗೆ ಬರುವಾಗ ಹಣೆ ಬಡಿಯಿತು. ಉಜ್ಜಿಕೊಳ್ಳಲೂ ಇಲ್ಲ. “ನಡಿ ಆಸ್ಪತ್ರೆಗೆ,” ಅಂದರು.

ಆಟೋದಲ್ಲಿ ನನಗೆ ಸುಮ್ಮನಿರಲು ಆಗಲಿಲ್ಲ. ಕೇಳಿದ ಮೇಲೆ ಅವನು ಹೇಳಿದಂತೆ ನಡೆಯಬೇಕಲ್ಲವೇ ಅಂದೆ.

“ಅವನೇಳ್ತಾನೆ. ಏಳಿದ್ದೆಲ್ಲ ಕೇಳಕ್ಕೆ ನಾನೇನು ಅವನ ಮನೆ ಆಳಾ? ನಾನು ಅವನ್ನ ನಂಬಿರೋದು ಕಣೇ, ಎದರಿರೋದಲ್ಲ. ನೀನು ನಂಬ್ದೇನೇ ಎದರ್ತೀಯ.”

ಕೆನ್ನೆಗೆ ಹೊಡೆದಂತಾಯಿತು. ಬೆಳಿಗ್ಗೆ ನಾನು ಸಹಿ ಹಾಕುವಾಗ ಅವರು ನನ್ನ ಭುಜದ ಮೇಲೆ ಕೈ ಇಟ್ಟಿದ್ದರು. ಅದು ಪ್ರೀತಿಯೋ, ಓಡಿಹೋದಾಳು ಎಂಬ ಅನುಮಾನವೋ, ನನಗೆ ಗೊತ್ತಿಲ್ಲ.

ಗಂಡ ಉಳಿದ. ಮಾತು ಸ್ವಲ್ಪ ತೊದಲುತ್ತದೆ, ಅಷ್ಟೆ. ಡಾಕ್ಟರ ಕೈಗುಣ ಅಂದೆ ನಾನು. ನೋಡಿದೆಯಾ ನನ್ನ ದೇವರನ್ನು ಎಂದು ಅತ್ತೆ ಎಗರಿಬೀಳುತ್ತಾರೆ ಎಂದು ಕಾದೆ. ಅದೂ ಇಲ್ಲ. ಮಗನನ್ನು ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ಹಣೆ ಬಡಿದ ಸದ್ದು ಕೇಳಿಸಿತು, ಹಿಂದೆಯೇ ವಿಚಾರಣೆ: “ತೊದಲು ಯಾಕೆ ಬುಟ್ಟೆ? ಅರ್ಧಂಬರ್ಧ ಕೆಲಸ ಮಾಡೋದು ಯಾವಾಗ ಬುಡ್ತೀಯ ನೀನು?” ಅಂದು ನನ್ನ ಸಾರೂ ನೀರಾಗಿತ್ತಂತೆ.

ಹೋದ ವರ್ಷ ಅತ್ತೆ ಮಲಗಿದರು. ಎರಡೂ ಮೂತ್ರಪಿಂಡ ಸೋತಿದ್ದವು; ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು ಡಾಕ್ಟರು. ಬೆಳಿಗ್ಗೆ ಹಣೆ ಬಡಿಯುವ ಸದ್ದಿಲ್ಲದೆ ಕಾಫಿಗೆ ಹಾಲಿಡುವುದು ನನಗೆ ದಿನಾ ತಡವಾಗತೊಡಗಿತು. ಒಂದು ಮಧ್ಯಾಹ್ನ ಗಂಡ ಹೊರಗೆ ಹೋಗಿದ್ದಾಗ ದೇವರಮನೆಗೆ ಹೋದೆ. ನಾನು ಗಿಡ್ಡ, ನನಗೆ ಬಾಗಿಲು ತಾಗುವುದಿಲ್ಲ. ಎಸಳು ಅದ್ದಿ ಅಂಟಿಸಿದೆ. ಏನು ಕೇಳಬೇಕು, ಎಷ್ಟು ವಿನಯವಾಗಿ ಕೇಳಬೇಕು ಒಂದೂ ತಿಳಿಯದೆ, “ಇನ್ನೂ ಸ್ವಲ್ಪ ದಿನ,” ಎಂದಷ್ಟೇ ಅಂದೆ. ಬಲಗಡೆಯದು ಬಿತ್ತು.

ಓಡಿಹೋಗಿ ಹೇಳಿದೆ. “ಅತ್ತೆ, ಬಲಗಡೆ ಬಿತ್ತು.”

ಅತ್ತೆ ಒಂದೇ ಕಣ್ಣು ತೆರೆದರು. “ಕೇಳಿದ್ದು ಯಾರು?”

“ನಾನೇ.”

ಅವರಿಗೆ ನಗು ಬಂತು, ನಗುವಿಗೆ ಕೆಮ್ಮು ಬಂತು. ನೀರು ಕುಡಿಸಿದೆ. “ನಿನ್ನ ಪರಿಚಯ ಇಲ್ವಲ್ಲೇ ಅವನ್ಗೆ,” ಅಂದರು. “ದಾಕ್ಷಿಣ್ಯಕ್ಕೆ ಕೊಟ್ಟವ್ನೆ ಬುಡು.”

ಆ ವಾರ ದಾಟಲಿಲ್ಲ. ಒಂದು ಬೆಳಿಗ್ಗೆ ನಾನು ತಲೆ ಬಾಚುತ್ತಿದ್ದಾಗ, ಹಣಿಗೆಯ ಹಲ್ಲು ಚುಚ್ಚುತ್ತದೆ ಎಂದು ಗೊಣಗುತ್ತಲೇ ಹೋಗಿಬಿಟ್ಟರು.

ಸೂತಕ ಮುಗಿಯುವವರೆಗೆ ದೇವರಮನೆಯ ಬಾಗಿಲು ಹಾಕಿತ್ತು. ಮುಗಿದ ಮೇಲೆ ನಾನೇ ತೆಗೆದೆ. ದೀಪ ಹಚ್ಚಬೇಕೆಂದೇನೂ ಹೋಗಿರಲಿಲ್ಲ, ಗುಡಿಸಲು ಹೋಗಿದ್ದೆ. ಪೀಠದ ಮೇಲೆ ಆ ಬಲಗಡೆಯ ಎಸಳು ಒಣಗಿ ಕಂದಾಗಿ ಹಾಗೇ ಬಿದ್ದಿತ್ತು. ಅದನ್ನು ನೋಡಿದ್ದೇ ನನಗೆ ಎಲ್ಲಿತ್ತೋ ಸಿಟ್ಟು. ಪೊರಕೆ ಅಲ್ಲೇ ಹೊಸಿಲಾಚೆ ಎಸೆದು, ಚಕ್ಕಳಮಕ್ಕಳ ಹಾಕಿ ಕೂತು, ಬಲಗಡೆ ಕೊಟ್ಟು ಹೀಗೆ ಮಾಡಿದೆಯಲ್ಲ, ಮಾತಿಗೆ ಬೆಲೆ ಬೇಡವೇ ನಿನಗೆ, ಆ ಹೆಂಗಸು ಅಷ್ಟು ವರ್ಷ ನಿನ್ನ ಬಾಗಿಲಿಗೆ ಹಣೆ ಚಚ್ಚಿಕೊಂಡಳಲ್ಲ ಎಂದು ಬಾಯಿಗೆ ಬಂದಂತೆ ಬೈದೆ. ಅಳುತ್ತಾ ಬೈದೆ.

ಗಂಡ ಗಾಬರಿಯಾಗಿ ಬಾಗಿಲಿಗೆ ಬಂದು ನಿಂತ. “ಯಾ... ಯಾರ ಜೊತೆ ಜಗಳ?”

ಸೆರಗಿನಲ್ಲಿ ಮುಖ ಒರೆಸಿಕೊಂಡೆ.

“ಜಗಳ ಅಲ್ಲ. ಪರಿಚಯ ಮಾಡ್ಕೊತಾ ಇದೀನಿ,” ಅಂದೆ.