ಹೊತ್ತು ಮುಳುಗಿದ ಮೇಲಿನ ಊಟ

ತೇರದಾಳದ ಮನೆಗೆ ಸೊಸೆಯಾಗಿ ಬಂದ ಮೂರನೆಯ ಬೇಸಿಗೆಯೋ ನಾಲ್ಕನೆಯದೋ, ಹೇಳಲಾರೆ. ಆ ವರ್ಷದ ನೆನಪು ಪೂರ್ತಿ ನನ್ನದಲ್ಲ. ಅರ್ಧ ಅತ್ತೆಯವರು ಹೇಳಿ ಹೇಳಿ ಕೂಡಿಸಿದ್ದು, ಉಳಿದರ್ಧ ಬರೀ ಮಬ್ಬು. ಆ ಮಬ್ಬು ಕೂಡ ರೋಗದ ಲಕ್ಷಣವೇ ಎಂದು ಆಮೇಲೆ ತಿಳಿಯಿತು. ಆದ್ದರಿಂದ ಇದನ್ನು ಅರ್ಧ ನಂಬಿದರೆ ಸಾಕು.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯಬೇಕು, ಆಮೇಲೆ ಒಂದು ಕಾಳೂ ಬಾಯಿಗೆ ಹಾಕುವಂತಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ನಾನು. ಮೊದಲೆಲ್ಲ ಬಿಸಿಲು ಇರುವಾಗಲೇ ರೊಟ್ಟಿ ಬಡಿದು ಮುಗಿಸುತ್ತಿದ್ದೆ. ಆ ಬೇಸಿಗೆಯಲ್ಲಿ ಕೈ ಏಳುತ್ತಿರಲಿಲ್ಲ. ಹಿಟ್ಟು ನಾದುತ್ತಿರುವಾಗಲೇ ಕಣ್ಣು ಮುಚ್ಚುತ್ತಿದ್ದವು. ನನ್ನ ತಾಟಿಗೆ ರೊಟ್ಟಿ ಬೀಳುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ. ಎಷ್ಟೋ ದಿನ ಉಪವಾಸವೇ ಮಲಗಿದೆ.

ಆದರೂ ದಪ್ಪಗಾಗುತ್ತಿದ್ದೆ. ಬಳೆಗಳು ಮುಂಗೈಗೆ ಬಿಗಿದವು, ಕುಪ್ಪಸದ ತೋಳು ಏರದಾಯಿತು, ಮುಖ ಊದಿಕೊಂಡಿತು.

"ಸಂಜೀಕ ಉಣ್ಣಂಗಿಲ್ಲ, ಮೈ ನೋಡಿದ್ರ ಹಂಡೇದಂಗ ಆಗಾಕತ್ತೈತಿ," ಎಂದರು ಅತ್ತೆ. "ಖರೆ ಹೇಳ ಬೇ, ಕತ್ತಲಾದ ಮ್ಯಾಲೆ ಅಡಗಿಮನ್ಯಾಗ ಏನ ಮುಕ್ಕತಿ?"

"ಇಲ್ರೀ ಅತ್ತಿ, ನಿಮ್ಮಾಣಿ."

"ನನ್ನ ಆಣಿ ಹಾಕಿ ನನ್ನ ಕೊಲ್ಲಬ್ಯಾಡ. ನಿಮ್ಮಪ್ಪಗ ಹೇಳಿ ಕಳಸ್ತೇನಿ, ಬಂದು ಕರಕೊಂಡ ಹೋಗಲಿ."

ರಾತ್ರಿ ಕದ್ದು ಉಂಡವಳು ಎಂಬ ಮಾತು ಹಬ್ಬಿದರೆ ತವರಿನಲ್ಲೂ ನಾನು ತಲೆ ಎತ್ತುವಂತಿರಲಿಲ್ಲ. ಅಳಬೇಕಿತ್ತು. ಅಳುವುದಕ್ಕೂ ಆಲಸ್ಯ.

ಎಷ್ಟೇ ಸಿಟ್ಟಿದ್ದರೂ ತವರಿಗೆ ಹೊರಟ ಸೊಸೆಗೆ ಎಣ್ಣೆ ಹಚ್ಚಿ ಎರೆದು ಕಳಿಸುವುದು ಆ ಮನೆಯ ಪದ್ಧತಿ. ಅಪ್ಪ ಬರುವ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಬಚ್ಚಲಲ್ಲಿ ಕೂರಿಸಿದರು. ತಲೆಗೆ ಕೈ ಹಾಕಿದ್ದೇ ತಡ, ಕೂದಲು ಎಳೆ ಎಳೆಯಾಗಿ ಬೆರಳಿಗೆ ಸುತ್ತಿ ಬಂತು. ಸುಡುವ ಬೇಸಿಗೆಯಲ್ಲಿ, ಹೊಗೆಯಾಡುವ ನೀರಿನ ಪಕ್ಕದಲ್ಲಿ ಕೂತು ನಾನು ನಡುಗುತ್ತಿದ್ದೆ.

"ಹುಬ್ಬಿನ ತುದಿ ಎಲ್ಲಿ ಹೋತು?"

"ಗೊತ್ತಿಲ್ರಿ."

"ದನಿ ಯಾಕ ಹಿಂಗಾತು? ನಿಮ್ಮ ಮಾವ ಮಾತಾಡಿದಂಗ ಕೇಳತೈತಿ." ಬೆನ್ನ ಮೇಲಿಟ್ಟ ಕೈ ಅಲ್ಲೇ ನಿಂತಿತು. "ಮೇದ ಎಮ್ಮಿ ಮೈ ಬೆಚ್ಚಗಿರತೈತಿ. ನೀ ಬಾವಿಕಟ್ಟಿ ಹಂಗ ತಣ್ಣಗದಿ. ಇದು ಉಂಡ ಮೈ ಅಲ್ಲ ಯವ್ವಾ."

ಅಪ್ಪ ಬಂದಾಗ ಅತ್ತೆ ಅವರಿಗೆ ದೂರು ಹೇಳಲಿಲ್ಲ, ಮೊದಲು ದವಾಖಾನೆಗೆ ತೋರಿಸೋಣ ಎಂದರು. ಮೂವರೂ ಕುಡಚಿಯಲ್ಲಿ ರೈಲು ಹತ್ತಿ ಮಿರಜಿಗೆ ಹೋದೆವು. ಅಲ್ಲಿನ ಡಾಕ್ಟರು ನನ್ನ ಕುತ್ತಿಗೆ ಒತ್ತಿ ನೋಡಿದರು, ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಜಿಗಿದ ಪಾದ ಬಹಳ ಸಾವಕಾಶವಾಗಿ ಇಳಿಯಿತು. ಗಂಟಲಿನ ಗ್ರಂಥಿ ಸೋತಿದೆ, ಮೈಯೆಲ್ಲ ಅದಕ್ಕೇ ನಿಧಾನವಾಗಿದೆ, ದಿನಾ ಗುಳಿಗೆ ನುಂಗಬೇಕು ಎಂದರು. ಗುಳಿಗೆ ಯಾವುದರದು ಎಂದು ಅತ್ತೆ ಕೇಳಿದರು. ಆ ಪುಣ್ಯಾತ್ಮ ಸುಳ್ಳು ಹೇಳಲಿಲ್ಲ: ಕುರಿಯ ಗ್ರಂಥಿ ಒಣಗಿಸಿ ಮಾಡಿದ್ದು.

ಅಪ್ಪ ಎದ್ದು ನಿಂತರು. "ಬ್ಯಾಡ್ರಿ ಬೀಗತಿ. ನಮ್ಮ ಮನ್ಯಾಗ ಇಂಥಾದ್ದು ಆಗಿಲ್ಲ."

ಅತ್ತೆ ಗುಳಿಗೆಯ ಬಾಟಲಿ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡರು. ನನ್ನನ್ನು ಮತ್ತೆ ತೇರದಾಳಕ್ಕೇ ಕರೆತಂದರು.

ಮರುದಿನ ನನ್ನ ಅಂಗೈಯಲ್ಲಿ ಒಂದು ಗುಳಿಗೆ ಇಟ್ಟರು. "ನುಂಗು. ಪಾಪ ಬಂದ್ರ ನನಗ ಬರಲಿ. ಸುಳ್ಳ ಅಪವಾದ ಹೊರಿಸಿದ್ದೊಂದು ಹೆಂಗೂ ನನ್ನ ಹೆಗಲ ಮ್ಯಾಗೈತಿ, ಅದರ ಜೋಡಿ ಇದೂ ಇರಲಿ."

ಅವರು ಹಾಗೆ ಅನ್ನಲೇ ಇಲ್ಲ, ಬರೀ ನೀರಿನ ತಂಬಿಗೆ ಕೊಟ್ಟರು ಎನ್ನುತ್ತಾರೆ ನನ್ನ ಯಜಮಾನರು. ಇರಬಹುದು. ಗುಳಿಗೆ ಮಾತ್ರ ನುಂಗಿದೆ. ಅಂದಿನಿಂದ ಅತ್ತೆ ತಮಗೆ ಬಲು ಇಷ್ಟವಾದ ಬೆಲ್ಲವನ್ನು ಬಿಟ್ಟರು. ಯಾಕೆಂದು ಕೇಳಿದವರಿಗೆಲ್ಲ ಹಲ್ಲುನೋವು ಎಂದರು. ಅವರ ಬಾಯಲ್ಲಿ ಆಗ ಒಂದು ಹಲ್ಲೂ ಇರಲಿಲ್ಲ.