ಮೊದಲ ಹ್ಯಾಂಡಲ್ ಯಾವಾಗಲೂ ಅವರದೇ

ನಮ್ಮ ಯಜಮಾನರ ಕಿವಿ ಮಂದವಾಗುತ್ತಿದೆ ಎಂದು ನನಗೆ ತಿಳಿದದ್ದು ಒಂದು ಜಗಳದಿಂದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ತುಮಕೂರಿನ ಮರಳೂರಿನಲ್ಲಿ, ರಸ್ತೆ ಕಡೆಗೆ ಅವರ ತಗಡಿನ ಗ್ಯಾರೇಜು, ಹಿಂದೆ ನಮ್ಮ ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ನನ್ನ ಹೊಲಿಗೆ ಮಿಷನ್ನು. ಚಹಾ ಆಗಿದೆ ಎಂದು ನಾಲ್ಕು ಸಲ ಕೂಗಿದೆ. ಆಸಾಮಿ ತಿರುಗಿಯೂ ನೋಡಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹೋಗಿ ಲೋಟವನ್ನು ಅವರೆದುರು ಕುಕ್ಕಿ, "ಕಿವೀಲಿ ಹತ್ತಿ ಇಟ್ಕೊಂಡಿದೀರಾ?" ಎಂದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಓದಲು ಕಲಿಯುವವರು ಅಕ್ಷರ ನೋಡುವ ಹಾಗೆ. ಆಮೇಲೆ "ಆಂ, ಚಹಾನಾ?" ಎಂದರು. ನನ್ನ ಕೋಪವೆಲ್ಲ ಇಳಿದು ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

ಯಾಕೆಂದರೆ ನಾವು ಅನ್ನ ತಿನ್ನುತ್ತಿದ್ದದ್ದೇ ಆ ಕಿವಿಯಿಂದ. ಪೆಟ್ರೋಲ್ ಗಾಡಿಯ ಟೈಮಿಂಗ್ ಅಂದರೆ ಕಿಡಿ ಸರಿಯಾದ ಗಳಿಗೆಯಲ್ಲಿ ಹಾರಬೇಕು, ಅಷ್ಟೇ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯ ಬೋಲ್ಟು ಸಡಿಲಿಸಿ, ಇಂಜಿನ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಕಣ್ಣು ಮುಚ್ಚಿ ಕೇಳಿಸಿಕೊಂಡು, "ಇಲ್ಲಿದೆ ನೋಡು" ಎಂದು ಅವರು ನಿಲ್ಲಿಸುತ್ತಿದ್ದರು. ಅದಕ್ಕಾಗಿಯೇ ಗುಬ್ಬಿ, ಕುಣಿಗಲ್‌ನಿಂದ ಗಾಡಿಗಳು ಬರುತ್ತಿದ್ದವು. ಕಿಡಿ ಬೇಗ ಹಾರಿದರೆ ಎರಡು ತೊಂದರೆ. ಏರು ಹತ್ತುವಾಗ ಇಂಜಿನ್ ಟಣಟಣ ಬಡಿದುಕೊಳ್ಳುತ್ತದೆ. ಇನ್ನೊಂದು, ಗಾಡಿ ಶುರು ಮಾಡಲು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದಾಗ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಒದೆತಕ್ಕೆ ಮಣಿಕಟ್ಟು ಮುರಿದುಕೊಂಡ ಒಬ್ಬ ಡ್ರೈವರು ನಮ್ಮ ಬೀದಿಯಲ್ಲೇ ಇದ್ದ. ಅವನ ಕೈ ಆಮೇಲೆ ನೆಟ್ಟಗಾಗಲೇ ಇಲ್ಲ.

ಆದ್ದರಿಂದಲೇ ನಮ್ಮ ಗ್ಯಾರೇಜಿನಲ್ಲಿ ಒಂದು ಕಟ್ಟಳೆ. ಟೈಮಿಂಗ್ ಮುಟ್ಟಿದ ಮೇಲೆ ಮೊದಲ ಹ್ಯಾಂಡಲ್ ಮೇಸ್ತ್ರಿಯದೇ. ಗಾಡಿ ಯಾರದ್ದೇ ಇರಲಿ, ಒದೆ ಬಿದ್ದರೆ ಅದು ಟೈಮಿಂಗ್ ಇಟ್ಟವನ ಕೈಗೇ ಬೀಳಬೇಕು ಎನ್ನುತ್ತಿದ್ದರು. ನನಗೆ ಮೊದಲು ಅದು ಹೆಮ್ಮೆಯಾಗಿತ್ತು. ಕಿವಿಯ ವಿಷಯ ತಿಳಿದ ಮೇಲೆ, ಅವರು "ಬಿಸ್ಮಿಲ್ಲಾ" ಎಂದು ಬಗ್ಗಿದಾಗಲೆಲ್ಲ ನಾನು ಮಿಷನ್ ನಿಲ್ಲಿಸಿ ಉಸಿರು ಹಿಡಿಯುತ್ತಿದ್ದೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಅಂಥ ದಿನಗಳಲ್ಲಿ ಗುಬ್ಬಿ ಕಡೆಯ ಕಡಬದ ತೆಂಗಿನ ತೋಟದವರೊಬ್ಬರು ತಮ್ಮ ಹಳೆಯ ಪಿಕಪ್ಪನ್ನು ಒಂದೇ ತಿಂಗಳಲ್ಲಿ ಮೂರನೇ ಸಲ ತಂದರು.

"ಏನ್ ಸಾಬ್ರೇ, ಏರಲ್ಲಿ ಮತ್ತೆ ಗೋಲಿ ಕುಲುಕ್ದಂಗೆ ಸದ್ದು ಮಾಡ್ತದೆ. ನಿಮ್ಗೆ ಕೇಳಿಸ್ಲೇ ಇಲ್ವಾ?"

ಅವರು ನಗುತ್ತಲೇ ಕೇಳಿದ್ದು. ನನ್ನ ಸೂಜಿ ಮಾತ್ರ ಬೆರಳಿಗೇ ಚುಚ್ಚಿತು. ಯಜಮಾನರು, "ನಡೀರಿ, ಕುಣಿಗಲ್ ರೋಡಿನ ಏರು ಹತ್ತಿಸಿ ನೋಡೋಣ" ಎಂದರು. ಏನು ನೋಡುತ್ತಾರೆ, ಕೇಳುವುದಾದರೂ ಹೇಗೆ? ನಾನು ಬುರ್ಖಾ ಎಳೆದುಕೊಂಡು ಹೊರಗೆ ಬಂದೆ. "ನಂಗೂ ಆ ಕಡೆ ಒಂದು ಬ್ಲೌಸ್ ಕೊಡೋದಿದೆ" ಎಂದೆ. ಬ್ಲೌಸೂ ಇರಲಿಲ್ಲ, ಗಿರಾಕಿಯೂ ಇರಲಿಲ್ಲ. ತೋಟದವರು ಮರ್ಯಾದಸ್ಥರು, ನನಗೆ ಮುಂದಿನ ಸೀಟು ಬಿಟ್ಟು ತಾವು ಹಿಂದೆ ಎಳನೀರಿನ ರಾಶಿಯ ಮೇಲೆ ಕೂತರು.

ಏರು ಶುರುವಾದ ಕೂಡಲೇ ಸದ್ದು ಬಂತು. ಸ್ಟೀಲ್ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ. ಹಿಂದೆ ಕೂತವರಿಗೂ ಕೇಳಿಸಿರಬೇಕು. ಇವರು ಮಾತ್ರ ಮುಂದೆ ನೋಡುತ್ತ, ಹುಬ್ಬು ಗಂಟು ಹಾಕಿ, ಏನೋ ಬರಲಿದೆ ಎಂದು ಕಾಯುತ್ತಿದ್ದರು. ಅದಾಗಲೇ ಬಂದು ಹೋಗುತ್ತಿತ್ತು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಏನಾದರಾಗಲಿ ಎಂದು ಅವರ ತೋಳಿಗೆ ಬೆರಳಲ್ಲಿ ತಟ್ಟಿದೆ. ಸದ್ದು ಬಂದಾಗಲೆಲ್ಲ ತಟ್ಟಿದೆ. ಒಂದು ಸಲ ನನ್ನತ್ತ ನೋಡಿದರು. ಕೆಳಗೆ ತಿರುಗಿಸಿಕೊಂಡು ಬಂದು, ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ಚೂರು ಸರಿಸಿ, ಮತ್ತೆ ಏರು ಹತ್ತಿಸಿದರು. ಈ ಸಲ ನಾಲ್ಕೇ ತಟ್ಟು. ಇನ್ನೊಂದು ಸಲ ಸರಿಸಿದ ಮೇಲೆ ನನ್ನ ಬೆರಳಿಗೆ ಕೆಲಸವೇ ಇರಲಿಲ್ಲ.

ಏರಿನ ಮೇಲೆ ಗಾಡಿ ನಿಲ್ಲಿಸಿ, ಇನ್ನೊಂದು ಕೂದಲೆಳೆ ಬೇಕೇನೋ ಎಂದು ಮತ್ತೊಮ್ಮೆ ಬೋಲ್ಟು ಸಡಿಲಿಸಿದರು. ಡಬ್ಬಿ ಮುಟ್ಟಿ ನೋಡಿ, ಸಾಕು ಎಂದು ತಲೆಯಾಡಿಸಿ, ಬಿಗಿಯಲು ಇಂಜಿನ್ ಆಫ್ ಮಾಡಿದರು. ಅಷ್ಟರಲ್ಲಿ ತೋಟದವರು ಎಳನೀರು ಕೆತ್ತಿ ಮುಂದೆ ಹಿಡಿದರು. "ಸದ್ದು ನಿಂತೋಯ್ತು ಸಾಬ್ರೇ! ಮೊದ್ಲು ಇದ್ನ ಕುಡೀರಿ." ಕೊಟ್ಟ ಎಳನೀರನ್ನು ಆಮೇಲೆ ಎನ್ನುವುದು ನಮ್ಮ ಕಡೆ ಇಲ್ಲ, ಎಡಗೈಯಲ್ಲಿ ಇಸಿದುಕೊಳ್ಳುವುದೂ ಇಲ್ಲ. ಇವರು ಸ್ಪ್ಯಾನರನ್ನು ಮಡ್‌ಗಾರ್ಡಿನ ಮೇಲಿಟ್ಟು, ಕೈ ಒರೆಸಿಕೊಂಡು ತೆಗೆದುಕೊಂಡರು. ನನಗೂ ಒಂದು ಬಂತು. ಕುಡಿದು ಬುರುಡೆ ಎಸೆದು, ಬಾನೆಟ್ ಮುಚ್ಚಿದರು. ಆ ಗಾಡಿಯಲ್ಲಿ ಕೀಲಿ ತಿರುಗಿಸಿ ಶುರು ಮಾಡುವ ಸೆಲ್ಫು ಸತ್ತು ಎಷ್ಟೋ ಕಾಲವಾಗಿತ್ತು. ತೋಟದವರು ಹ್ಯಾಂಡಲ್ ಎತ್ತಿಕೊಂಡಾಗ ಅವರ ಕೈಯಿಂದ ಕಿತ್ತುಕೊಂಡು, "ಮೊದಲನೇದು ನಂದು" ಎಂದು ಮುಂದಕ್ಕೆ ಹೋದರು.

ಹತ್ತು ವರ್ಷ ಕಿಟಕಿಯಿಂದ ನೋಡಿದವಳು ನಾನು. ಸಡಿಲಿಸು, ತಿರುಗಿಸು, ಬಿಗಿ, ಸ್ಪ್ಯಾನರ್ ಜೇಬಿಗೆ. ಜೇಬು ಖಾಲಿ ಇತ್ತು. ಸ್ಪ್ಯಾನರ್ ಮಡ್‌ಗಾರ್ಡಿನ ಮೇಲೆಯೇ ಇತ್ತು. ಬೋಲ್ಟು ಬಿಗಿದಿಲ್ಲ! ಆ ಗಾಡಿಯ ಪ್ಲಗ್ ವೈರುಗಳು ಗಿಡ್ಡ, ಬಿಟ್ಟರೆ ಡಬ್ಬಿಯನ್ನು ಹಿಂದಕ್ಕೆ, ಕಿಡಿ ಬೇಗ ಹಾರುವ ಕಡೆಗೆ, ಎಳೆದುಬಿಡುತ್ತವೆ ಎಂದು ಅವರೇ ಬೈದಿದ್ದರು.

ಕೂಗಿದರೆ ಇವರಿಗೆ ಕೇಳಿಸುವುದಿಲ್ಲ, ಕೇಳಿಸಲಿಲ್ಲ ಎಂಬುದು ತೋಟದವರಿಗೆ ಗೊತ್ತಾಗುತ್ತದೆ, ನಾಳೆ ಗುಬ್ಬಿ ಪೇಟೆಗೆಲ್ಲ ಗೊತ್ತಾಗುತ್ತದೆ. ಇಷ್ಟನ್ನೂ ಯೋಚಿಸಿದೆ. ಯೋಚಿಸುತ್ತ ನಿಂತೆ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ಅವರು ಬಗ್ಗಿದರು.

"ಠೈರೋ!" ಎಂದೆ, ಮನೆಯ ಮಾತಿನಲ್ಲಿ. ತೋಟದವರು ತಿರುಗಿದರು. ಇವರು ತಿರುಗಲಿಲ್ಲ.

"ನಿಲ್ಲಿ!" ಎಂದೆ. ಆ ಭಾಷೆಯಲ್ಲಾದರೂ ಕೇಳಿಸೀತು ಎಂಬಂತೆ.

ಮೂರನೇ ಸಲ ಅವರ ಹೆಸರು ಹಿಡಿದು ಕಿರುಚಿದೆ. ಗಂಡನ ಹೆಸರು ಹೇಳುವವರಲ್ಲ ನಾವು. ನಿಕಾಹ್ ಆದ ಮೇಲೆ ಒಬ್ಬಳೇ ಇದ್ದಾಗಲೂ ಅದು ನನ್ನ ಬಾಯಲ್ಲಿ ಬಂದಿರಲಿಲ್ಲ. ರಸ್ತೆಯ ನಡುವೆ, ಪರ ಗಂಡಸಿನ ಎದುರಿಗೆ ಬಂತು. ತೋಟದವರಿಗೆ ಕೇಳಿಸಿತು, ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೂ ಕೇಳಿಸಿತು.

ಹ್ಯಾಂಡಲ್ ಒದೆಯಿತು. ಅವರು ಹೆಬ್ಬೆರಳನ್ನು ಸುತ್ತಿ ಹಿಡಿದಿರಲಿಲ್ಲ, ಬೆರಳುಗಳ ಪಕ್ಕಕ್ಕೇ ಇಟ್ಟಿದ್ದರು. ಆ ಅಭ್ಯಾಸವೇ ಮೂಳೆ ಉಳಿಸಿತು. ಕೈ ಜಾರಿ ಹಿಂದಕ್ಕೆ ಬಿದ್ದರು. ನಾನು ಓಡಿ ಹೋಗಿ ಮಣಿಕಟ್ಟು ಹಿಡಿದು ಬೆರಳು ಬೆರಳೂ ಮಡಚಿಸಿ ನೋಡಿದೆ. ಊದಿತ್ತು, ಮುರಿದಿರಲಿಲ್ಲ. ತೋಟದವರು ಬಾನೆಟ್ ಎತ್ತಿ, ಬಿಗಿಯದೇ ಬಿಟ್ಟಿದ್ದ ಬೋಲ್ಟು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಯಾವಾಗ್ಲಿಂದಮ್ಮ?"

"ಯಾರಿಗೂ ಹೇಳ್ಬೇಡಿ ಅಣ್ಣ, ನಿಮ್ ಕಾಲಿಗೆ ಬೀಳ್ತೀನಿ" ಎಂದೆ.

"ಬುಡಮ್ಮ ಅತ್ಲಾಗೆ. ನನ್ ಕೈ ಉಳ್ಸವ್ರೆ, ನಾನು ಅವ್ರ ಅನ್ನ ಕಳೀಲಾ?" ಎಂದು ಸ್ಪ್ಯಾನರನ್ನು ಇವರ ಎಡಗೈಗೆ ಕೊಟ್ಟರು. ಮಾತು ಉಳಿಸಿಕೊಂಡರು. ಆಮೇಲೆ ಅವರ ಕಡೆಯಿಂದ ಬಂದ ಗಾಡಿಯವರೆಲ್ಲ ನನಗೆ ಮುಂದಿನ ಸೀಟು ಬಿಟ್ಟೇ ಏರು ಹತ್ತಿಸುತ್ತಿದ್ದರು, ಕಾರಣ ಕೇಳುತ್ತಿರಲಿಲ್ಲ.

ಅವತ್ತು ಗಾಡಿ ಓಡಿಸಿದ್ದು ತೋಟದವರು. ನಾವಿಬ್ಬರೂ ಹಿಂದೆ, ಎಳನೀರಿನ ನಡುವೆ. ಮರಳೂರು ಹತ್ತಿರ ಬರುವವರೆಗೂ ಇವರು ಕೈ ನೋಡಿಕೊಳ್ಳುತ್ತ ಕೂತಿದ್ದರು.

"ಎಷ್ಟ್ ಸಲ ಕೂಗ್ದೆ?"

ಮೂರು ಬೆರಳು ತೋರಿಸಿದೆ.

"ಹೆಸರು ಕರೆದ್ಯಂತೆ. ತೋಟದವ್ರು ಬರೆದು ತೋರ್ಸಿದ್ರು, ಧೂಳಲ್ಲಿ." ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು. "ಇನ್ನೊಂದ್ಸಲ ಕರಿ."

ಸುತ್ತ ನೋಡಿ, ಕರೆದೆ.

"ಆಂ?" ಎಂದರು.