ಹಾಳೂರಿನ ಅಮ್ಮನಿಗೆ ಸುಣ್ಣ ಬಳಿದ ಸೊಣ್ಣಮ್ಮ

ಹಳೆಯ ಶಾಸನ ಹುಡುಕುತ್ತಿದ್ದ ಕಾಲೇಜು ಮೇಷ್ಟ್ರು ಸಿದ್ದಲಿಂಗ, ಸೊಣ್ಣಮ್ಮನನ್ನು ಮೊದಲು ಕಂಡದ್ದು ಯುಗಾದಿಯ ಹಿಂದಿನ ದಿನ ಬೆಳಿಗ್ಗೆ, ಅಬ್ಬಿಗೆರೆಯಾಚೆಯ ಹಾಳೂರು ದಿಬ್ಬದ ಮೇಲೆ. ಜನ ಬಿಟ್ಟುಹೋಗಿ ಐದಾರು ನೂರು ವರ್ಷವಾದ ಆ ಊರಿನಲ್ಲಿ ಉಳಿದಿದ್ದು ಮಡಕೆ ಚೂರು, ಮುಚ್ಚಿಹೋದ ಬಾವಿ, ಎದೆಯೆತ್ತರದ ಒಂದು ಕಲ್ಲು. ಸೊಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಕಲ್ಲಿಗೆ ಸುಣ್ಣ ಬಳಿಯುತ್ತಿದ್ದರು. ಅವರ ಅತ್ತೆಯೂ, ಅತ್ತೆಯ ಅತ್ತೆಯೂ ಪ್ರತಿ ಯುಗಾದಿಗೆ ಬಳಿದವರೇ.

“ಬ್ಯಾಡ್ರೀ ಅವ್ವಾ! ಸುಣ್ಣ ಉದುರಿದಲ್ಲಿ ಕಾಣೂ ಅಕ್ಷರಾನೂ ಮುಚ್ಚಿ ಹೋಗ್ತಾವು!” ಎಂದು ಮೇಷ್ಟ್ರು ಓಡಿ ಬಂದರು.

“ಇದು ನಮ್ಮಮ್ಮ ಕಣಪ್ಪಾ. ಹಬ್ಬಕ್ಕೆ ಅಮ್ಮನ್ನ ಇಂಗೇ ಬುಡಕ್ಕಾಯ್ತದಾ?”

ಮನೆ ಸೈಟು ಮಾಡಲು ಲೇಔಟಿನವರು ಮುಂದಿನ ವಾರವೇ ದಿಬ್ಬವನ್ನು ಸಮ ಮಾಡುವವರಿದ್ದರು. “ಬರಹ ಕಾಣದಿದ್ರ ಬರೀ ಕಲ್ಲಂತ ಕಿತ್ತೊಗಿತಾರ್ರೀ,” ಎಂದರು ಮೇಷ್ಟ್ರು.

ಸೊಣ್ಣಮ್ಮ ಸುಣ್ಣದ ಕುಂಚ ಕೆಳಗಿಟ್ಟರು. ಆಮೇಲೆ ಕಲ್ಲಿಗೆ ಕೈಮುಗಿದು, “ನೀನ್ ಮುಟ್ಬೇಡ. ಅಮ್ಮಂಗೆ ನಾನೇ ನೀರು ಉಯ್ತೀನಿ,” ಎಂದು ತೆಂಗಿನ ನಾರು ಹಿಡಿದು ಮೂರು ದಿನ ಉಜ್ಜಿದರು. ಸುಣ್ಣದ ಪದರುಗಳಡಿಯಲ್ಲಿ ಅಕ್ಷರಗಳು ಮಾಸದೆ ಉಳಿದಿದ್ದವು. ಕೆರೆ ಕಟ್ಟಿದ ಊರವರ ಹೆಸರುಗಳನ್ನು ಮೇಷ್ಟ್ರು ಒಂದೊಂದಾಗಿ ಓದಿದರು.

“ಇವ್ರೆಲ್ಲಾ ಇಲ್ಲೇ ಇದ್ದೋರಾ?” ಎಂದು ಸೊಣ್ಣಮ್ಮ ಕಣ್ಣೊರೆಸಿಕೊಂಡರು.

ಮೇಷ್ಟ್ರು ಕರೆತಂದ ಪುರಾತತ್ವ ಇಲಾಖೆಯ ಅಧಿಕಾರಿಗಳು ಆ ಬರಹ ನೋಡಿ ದಿಬ್ಬವನ್ನು ಲೇಔಟಿನಿಂದ ಬಿಡಿಸಿದರು. ಈಗ ಸೊಣ್ಣಮ್ಮ ದಿನಾ ದಿಬ್ಬದ ದಾರಿ ಗುಡಿಸಿ, ನೋಡಲು ಬಂದವರಿಗೆ ಊರಿದ್ದ ಜಾಗ ತೋರಿಸುತ್ತಾರೆ.